ಉಮ್ ಯೂಸುಫ್ ಬೆನ್ನಿನಲ್ಲಿದ್ದ ಉಕ್ಕು

1941ರ ಜೂನ್ 1ರ ಮಧ್ಯಾಹ್ನ ಬಾಗ್ದಾದ್‌ನಲ್ಲಿ ಯಹೂದಿಗಳ ಮೇಲೆ ದಾಳಿ ಶುರುವಾಯಿತು. ಮರುದಿನ ಸೈನಿಕರು ಗುಂಡು ಹಾರಿಸಿ ಗುಂಪನ್ನು ಚದುರಿಸುವ ಹೊತ್ತಿಗೆ ನೂರೆಂಬತ್ತರಷ್ಟು ಯಹೂದಿಗಳು ಸತ್ತಿದ್ದರು. ಸಾಮಾನ್ಯವಾಗಿ ಹೇಳುವ ಸಂಖ್ಯೆ ಇದು. ಇನ್ನೂ ಹೆಚ್ಚು ಎನ್ನುವವರೂ ಇದ್ದಾರೆ. ಇರಾಕಿನಲ್ಲಿ ಆ ಎರಡು ದಿನಗಳನ್ನು ಫರ್ಹೂದ್ ಎನ್ನುತ್ತಾರೆ. ಆ ಪದವನ್ನು ನಾನು ಮೊದಲು ಕೇಳಿದ್ದು 2016ರಲ್ಲಿ, ಕುವೈತಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಎಂಬತ್ತಮೂರು ವರ್ಷದ ರೋಗಿಯೊಬ್ಬರ ಬಾಯಿಂದ.

ಆಗ ನಾನು ಅಲ್ಲಿನ ಎಂಆರ್‌ಐ ವಿಭಾಗದಲ್ಲಿ ಸೀನಿಯರ್ ಟೆಕ್ನಾಲಜಿಸ್ಟ್. ಊರು ಶಿರ್ವ, ಕುವೈತಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಹೆಂಗಸರ ಸ್ಕ್ಯಾನ್ ಬಂದರೆ ಒಳಗಿನ ಕೆಲಸ ನನ್ನದು, ಗಾಜಿನಾಚೆ ಕನ್ಸೋಲ್‌ನಲ್ಲಿ ಕೂರುವುದು ಸುರತ್ಕಲ್ಲಿನ ಸದಾಶಿವ. ರೋಗಿಯ ಮತ್ತು ಅವರ ಮಗನ ಹೆಸರನ್ನು ಇಲ್ಲಿ ಬದಲಿಸಿದ್ದೇನೆ.

ಎಂಆರ್‌ಐ ಯಂತ್ರ ಒಂದು ದೊಡ್ಡ ಅಯಸ್ಕಾಂತ. ಸ್ಕ್ಯಾನ್ ನಡೆಯದಿದ್ದಾಗಲೂ ಅದು ಆಫ್ ಆಗಿರುವುದಿಲ್ಲ. ಹತ್ತಿರ ಒಯ್ದ ಕತ್ತರಿ ಕೈಯಿಂದ ಕಿತ್ತುಕೊಂಡು ಹಾರುತ್ತದೆ. ದೇಹದೊಳಗೆ ಉಕ್ಕು ಇದ್ದರೆ ಅದು ಒಳಗೇ ತಿರುಗಲು ನೋಡುತ್ತದೆ. ಆದ್ದರಿಂದ ಬಾಗಿಲು ದಾಟುವ ಮೊದಲು ಪ್ರತಿಯೊಬ್ಬರಿಗೂ ಒಂದು ಫಾರಂ ಇರುತ್ತದೆ. ಪೇಸ್‌ಮೇಕರ್ ಇದೆಯೇ, ಆಪರೇಷನ್ ಆಗಿದೆಯೇ, ಗುಂಡು ಅಥವಾ ಲೋಹದ ಚೂರು ಹೊಕ್ಕಿದೆಯೇ ಎಂದು ಕೇಳಿ, ಗುರುತು ಹಾಕಿ, ಕೆಳಗೆ ಟೆಕ್ನಾಲಜಿಸ್ಟ್ ಸಹಿ ಮಾಡಬೇಕು.

ಕುವೈತಿನಲ್ಲಿ ಈ ಕೊನೆಯ ಪ್ರಶ್ನೆಗೆ ನಾವು ಒಂದು ಅಡ್ಡದಾರಿ ಮಾಡಿಕೊಂಡಿದ್ದೆವು. 1990ರ ಇರಾಕಿ ಆಕ್ರಮಣದಲ್ಲಿ ಗಾಯಗೊಂಡವರು ಇಲ್ಲಿ ಬಹಳ. ವಯಸ್ಸಾದವರು ಬಂದರೆ ಉದ್ದದ ಪ್ರಶ್ನೆ ಓದದೆ, “ತೊಂಬತ್ತರಲ್ಲಿ ಇಲ್ಲೇ ಇದ್ರಾ?” ಎಂದು ಕೇಳುತ್ತಿದ್ದೆವು. ಇದ್ದರು ಎಂದರೆ ಮೊದಲು ಎಕ್ಸ್‌ರೇ. ಇರಲಿಲ್ಲ ಎಂದರೆ ಮುಂದೆ. ನಾನೇ ಹೊಸಬರಿಗೆ ಹೀಗೆ ಕಲಿಸಿದ್ದೆ.

ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಉಮ್ ಯೂಸುಫ್ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಉಮ್ ಯೂಸುಫ್ ಎಂದರೆ ಯೂಸುಫನ ತಾಯಿ; ಅಲ್ಲಿ ಹೆಂಗಸರನ್ನು ಮಗನ ಹೆಸರಿನಿಂದಲೇ ಕರೆಯುತ್ತಾರೆ. ಎರಡು ತಿಂಗಳಿಂದ ಕಾಲು ಸೋಲುತ್ತಿತ್ತು. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದೆಂದು ವೈದ್ಯರ ಅನುಮಾನ. ಜೊತೆಗಿದ್ದ ಮಗ ಯೂಸುಫ್ ಶರ್ಕ್‌ನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಪ್ರಶ್ನೆ ತಾಯಿಗೆ, ಉತ್ತರ ಅವರದು.

“ಯುಮ್ಮಾ, ತೊಂಬತ್ತರಲ್ಲಿ ಇಲ್ಲೇ ಇದ್ರಾ?” ಎಂದು ಅರಬಿಯಲ್ಲಿ ಕೇಳಿದೆ. ಯುಮ್ಮಾ ಎಂದರೆ ಅಮ್ಮ.

“ಇಲ್ಲ. ಆ ಬೇಸಿಗೆ ನಾವೆಲ್ಲ ಲಂಡನ್‌ನಲ್ಲಿ,” ಎಂದರು ಯೂಸುಫ್. ಮುದುಕಿ ತಲೆಯಾಡಿಸಿದರು. ನಾನು ‘ಇಲ್ಲ’ ಎಂದು ಗುರುತು ಹಾಕಿದೆ.

ಗೌನ್ ಕಟ್ಟುವಾಗ ಬೆನ್ನೆಲುಬಿನ ಎಡಕ್ಕೆ ಎರಡು ಬೆರಳಗಲದ ಬಿಳಿಯ ಗೆರೆ ಕಂಡಿತು. ಇಲ್ಲಿನ ಹಳಬರ ಮೈಯಲ್ಲಿ ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿದ ಗುರುತು ಸಾಮಾನ್ಯ. ಬೆನ್ನುನೋವಿಗೆ, ಕಾಮಾಲೆಗೆ ಹಿಂದೆ ಅದೇ ಔಷಧ. ಇದೂ ಅದೇ ಎಂದುಕೊಂಡು ಸಹಿ ಮಾಡಿದೆ.

“ಬಾಯಮ್ಮ, ಬೇಗ ಮುಗಿಸುವ. ನಿಮ್ಮ ಡಬ್ಬಿಯಲ್ಲಿ ಎಂತ ಉಂಟು ಅಂತ ಇಲ್ಲಿಯವರೆಗೆ ವಾಸನೆ ಬರ್ತದೆ,” ಎಂದ ಸದಾಶಿವ, ಮೈಕಿನಲ್ಲಿ. ನನ್ನನ್ನು ಅವನು ಬಾಯಮ್ಮ ಎಂದೇ ಕರೆಯುತ್ತಿದ್ದದ್ದು.

“ನಿಮಗೆ ವಾಸನೆ ಮಾತ್ರ ಇವತ್ತು,” ಎಂದೆ.

ಮಲಗಿಸಿದ ಮೇಜು ಯಂತ್ರದ ಬಾಯಿಯೊಳಗೆ ಎದೆಯ ಮಟ್ಟಕ್ಕೆ ಹೋಗಿತ್ತು. ಉಮ್ ಯೂಸುಫ್ ಕೂಗಲಿಲ್ಲ. ಮೆಲ್ಲಗೆ, ಸ್ಪಷ್ಟವಾಗಿ ಹೇಳಿದರು: “ಅವನು ಮತ್ತೆ ಬಂದ.”

“ಯಾರು ಯುಮ್ಮಾ?”

“ಬೆನ್ನಲ್ಲಿ. ತಿರುಗಿಸ್ತಿದ್ದಾನೆ.”

ಗಾಬರಿಯಲ್ಲಿ ಮೇಜನ್ನು ಸರ್ರನೆ ಎಳೆದರೆ ಹೆಚ್ಚು ಅಪಾಯ. ಅಯಸ್ಕಾಂತದ ಬಳಿ ಲೋಹ ವೇಗವಾಗಿ ಚಲಿಸಬಾರದು. ಇಂಚಿಂಚಾಗಿ ಹೊರತಂದೆ. ಆಗ ಅವರ ಎಡಗಾಲು ಅಲುಗುತ್ತಿರಲಿಲ್ಲ. ಅಂಗಾಲಿಗೆ ಪೆನ್ನಿನಿಂದ ಗೀರಿದೆ, ಗೊತ್ತಾಗಲಿಲ್ಲ. ಅರಿವಿಲ್ಲದೆ ಮೂತ್ರ ಹೋಗಿ ಗೌನ್ ಒದ್ದೆಯಾಗಿತ್ತು.

ಹತ್ತು ನಿಮಿಷದಲ್ಲಿ ಎಕ್ಸ್‌ರೇ ಬಂತು. ಎದೆಭಾಗದ ಆರನೇ ಕಶೇರುವಿನ ಪಕ್ಕದಲ್ಲಿ, ಬೆನ್ನುಹುರಿಗೆ ತಾಗಿದಂತೆ, ತ್ರಿಕೋನಾಕಾರದ ಬಿಳಿ ಚೂರು. ಸದಾಶಿವ ಪರದೆಯನ್ನೇ ನೋಡುತ್ತ ನಿಂತ. “ಇದು ಎಂತದು ಬಾಯಮ್ಮ? ನಾವು ಕೇಳಿದ್ದೇವಲ್ಲ?”

“ತೊಂಬತ್ತನ್ನು ಕೇಳಿದ್ದು,” ಎಂದೆ.

ಈಜಿಪ್ಟಿನವರಾದ ಸರ್ಜನ್ ಬಂದರು. ಕೂಡಲೇ ಆಪರೇಷನ್ ಆಗದಿದ್ದರೆ ಕಾಲು ಶಾಶ್ವತವಾಗಿ ಹೋಗುತ್ತದೆ ಎಂದರು. ಅವರಿಗೆ ಎರಡು ವಿಷಯ ತಿಳಿಯಬೇಕಿತ್ತು. ಬಾಂಬಿನ ಚೂರಾದರೆ ಮೈಯಲ್ಲಿ ಇನ್ನೂ ಇರಬಹುದು, ಚಾಕುವಾದರೆ ಇದೊಂದೇ. ಮತ್ತು ಅದು ಯಾವ ದಿಕ್ಕಿನಿಂದ ಹೊಕ್ಕಿತು.

ಉಮ್ ಯೂಸುಫ್ ಗೋಡೆಯ ಕಡೆ ಮುಖ ಮಾಡಿದರು. “ನೆನಪಿಲ್ಲ.”

ಯೂಸುಫ್ ಎಕ್ಸ್‌ರೇಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾಯಿಯ ಮಂಚಕ್ಕೆ ಬಾಗಿ ಕೇಳಿದರು: “ಇದು ಬಾಬಾ ಮಾಡಿದ್ದಾ?” ಅವರ ತಂದೆ ತೀರಿಕೊಂಡು ಆರು ವರ್ಷವಾಗಿತ್ತು.

“ನಿನ್ನ ಬಾಯಿಗೆ ಮಣ್ಣು ಹಾಕ. ಆಚೆ ಹೋಗು,” ಎಂದರು ತಾಯಿ. “ಈ ಹುಡುಗಿ ಇರಲಿ.” ನನಗಾಗ ಐವತ್ತು.

ಬಾಗಿಲು ಮುಚ್ಚಿದ ಮೇಲೆ ಅವರ ಮೊದಲ ಪ್ರಶ್ನೆ: “ನೀನು ಬರೆಯೋದು ಕಂಪ್ಯೂಟರಿನಲ್ಲಿ ನನ್ನ ಮಗನಿಗೆ ಕಾಣ್ತದಾ?”

“ಫಾರಂನ ಮುಂಬದಿ ಮಾತ್ರ ಸ್ಕ್ಯಾನ್ ಮಾಡಿ ಹಾಕ್ತೇವೆ. ಅದು ಮಗ ಕೇಳಿದ್ರೆ ಸಿಗ್ತದೆ. ಕಾಗದ ದಾಖಲೆ ವಿಭಾಗದಲ್ಲಿ ಉಳೀತದೆ.”

“ಹಾಗಾದ್ರೆ ಮುಂಬದಿಯಲ್ಲಿ ಬರಿ: ಚಾಕು. ಒಂದೇ. ಮೇಲಿನಿಂದ ಕೆಳಕ್ಕೆ. ನಾನು ಏಣಿ ಹತ್ತುತ್ತಿದ್ದೆ, ಅವನು ಮಹಡಿಯ ಮೇಲೆ ಕಾಯ್ತಿದ್ದ.”

ಬರೆದೆ. ಬಾಗಿಲು ತೆರೆದು ಸರ್ಜನ್ನರಿಗೆ ಹೇಳಿದೆ. ಥಿಯೇಟರ್ ಸಿದ್ಧವಾಗಲು ಇಪ್ಪತ್ತು ನಿಮಿಷವಿತ್ತು. ಉಳಿದದ್ದನ್ನು ಅವರು ಆ ಇಪ್ಪತ್ತು ನಿಮಿಷದಲ್ಲಿ ಹೇಳಿದರು.

ಅದು ಫರ್ಹೂದ್ ದಿನಗಳು ಎಂದರು. ಆಗ ಅವರಿಗೆ ಎಂಟು ವರ್ಷ. ಬಾಗ್ದಾದ್‌ನ ಯಹೂದಿ ಮನೆ. ಬಾಗಿಲ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಅಂಗೈ ಗುರುತು ಹಾಕಿಹೋಗಿದ್ದರು. ಎರಡನೆಯ ದಿನ ಬೆಳಿಗ್ಗೆ ಗುಂಪು ಅದೇ ಬಾಗಿಲು ಒಡೆಯಿತು. ತಂದೆ ಮಂಚವನ್ನು ಅಡ್ಡವಿಟ್ಟು ಹಿಡಿದಿದ್ದರು. ಕೊಡಲಿ ಮಂಚದ ಹಲಗೆ ಸೀಳಿ ಅವರ ಕೈಗೆ ಬಿತ್ತು, ಆಮೇಲೆ ಕುತ್ತಿಗೆಗೆ. ತಾಯಿಯ ಮಡಿಲಿನಿಂದ ಕೂಸನ್ನು ಕಸಿದು ಅಂಗಳದ ಬಾವಿಯ ಕಟ್ಟೆಗೆ ಬಡಿದರು. ತಾಯಿಯನ್ನು ಕೋಣೆಯೊಳಗೆ ಎಳೆದೊಯ್ದರು. “ಅಲ್ಲಿಂದ ಬಂದ ಸದ್ದು ನಿಂತದ್ದು ಯಾವಾಗ ಅಂತ ನಾನು ಯಾರಿಗೂ ಹೇಳಿಲ್ಲ, ನಿನಗೂ ಹೇಳಲ್ಲ,” ಎಂದರು. ಹನ್ನೆರಡು ವರ್ಷದ ಅಣ್ಣ ತಂಗಿಯನ್ನು ಏಣಿಗೆ ನೂಕಿ, ತಾನು ಏಣಿಯ ಬುಡ ಹಿಡಿದು ನಿಂತ. ಅವನನ್ನು ಅಲ್ಲೇ ಕೊಚ್ಚಿದರು.

ಮಹಡಿಯಲ್ಲಿ ಇದ್ದವನು ದಿನಾ ಮನೆಗೆ ಮಂಜುಗಡ್ಡೆ ತರುತ್ತಿದ್ದವನು. ಕೈಯಲ್ಲಿ ಮಂಜುಗಡ್ಡೆ ಒಡೆಯುವ ದಪ್ಪ ಚಾಕು. “ನನ್ನ ಹೆಸರು ಹಿಡಿದು ಕರೆದ. ಪರಿಚಯದವನಲ್ಲವಾ, ಕೈ ಕೊಟ್ಟೆ. ಕೈ ಹಿಡಿದು ಮೇಲೆಳೆದು ಬೆನ್ನಿಗೆ ಹಾಕಿದ.” ತುದಿ ಮೂಳೆಗೆ ಸಿಕ್ಕಿ ಮುರಿಯಿತು. ಅವನು ಮುರಿದ ಚಾಕುವನ್ನು ನೋಡಿ ಬೈದುಕೊಳ್ಳುತ್ತಿದ್ದಾಗ ಹುಡುಗಿ ಪಕ್ಕದ ಮಹಡಿಗೆ ಉರುಳಿದಳು.

ಪಕ್ಕದ ಮನೆಯ ಮುಸ್ಲಿಂ ಹೆಂಗಸು ಅವಳನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಮುಚ್ಚಳದ ಮೇಲೆ ಕೂತು, ಬಂದ ಗುಂಪಿಗೆ “ಇಲ್ಲಿರೋದೆಲ್ಲ ನನ್ನ ಹೊಟ್ಟೆಯಲ್ಲಿ ಹುಟ್ಟಿದವರು” ಎಂದಳು. ಆಮೇಲೆ ಹಾಗೆಯೇ ಬೆಳೆಸಿದಳು. ಸಂಸಾರ ಬಸ್ರಾಕ್ಕೆ ಹೋಯಿತು. ಹತ್ತು ವರ್ಷದ ನಂತರ ಇರಾಕಿನ ಯಹೂದಿಗಳು ಹೆಚ್ಚುಕಡಿಮೆ ಎಲ್ಲರೂ ವಿಮಾನದಲ್ಲಿ ದೇಶ ಬಿಟ್ಟಾಗ ಈ ಹುಡುಗಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬಸ್ರಾಕ್ಕೆ ಖರ್ಜೂರ ಕೊಳ್ಳಲು ಬರುತ್ತಿದ್ದ ಕುವೈತಿ ವ್ಯಾಪಾರಿಗೆ ಮದುವೆ ಮಾಡಿಕೊಟ್ಟರು.

“ಗಂಡನಿಗೆ ಗೊತ್ತಿತ್ತಾ?” ಎಂದೆ.

“ಮೊದಲ ದಿನವೇ. ಅರವತ್ತು ವರ್ಷ ಬಾಯಿ ಬಿಡಲಿಲ್ಲ. ಅಂಥವನ ಮೇಲೆ ಈ ಕತ್ತೆ ಸಂಶಯ ಪಡ್ತಾನೆ.”

“ಮಗನಿಗೆ ಹೇಳಬಹುದಲ್ಲ?”

“ಮೊಮ್ಮಗಳ ಮದುವೆ ಗೊತ್ತಾಗಿದೆ. ಸುಮ್ಮನಿರು.” ನನ್ನ ಕೈಯಲ್ಲಿದ್ದ ಫಾರಂ ತೋರಿಸಿ ಕೇಳಿದರು, “ಆ ಕಾಗದದ ಹಿಂದೆ ಜಾಗ ಇದೆಯಾ?”

“ಇದೆ.”

“ಹೆಸರು ಬರಿ. ಅವರದು ಎಲ್ಲೂ ಬರೆದಿಲ್ಲ.”

ಒಂದೊಂದಾಗಿ ಹೇಳಿದರು. ತಂದೆ ಇಲ್ಯಾಹು. ತಾಯಿ ಹಾನಾ. ಅಣ್ಣ ಸಾಸೂನ್. ಕೂಸು ಮೋಶಿ, ಐದು ತಿಂಗಳು. ಆಮೇಲೆ ನಜೀಮಾ.

“ಅಕ್ಕನಾ?”

“ನಾನು.”

ಟ್ರಾಲಿ ಬಂತು. ಕಾರಿಡಾರಿನಲ್ಲಿ ಅವರು ಮಗನ ಮಣಿಕಟ್ಟು ಹಿಡಿದು ಹೇಳಿದ್ದು ಇಷ್ಟೇ: “ನಿನ್ನ ಅಪ್ಪ ನನ್ನ ಮೇಲೆ ಕೈ ಎತ್ತಿದವನಲ್ಲ. ಅವನಿಗಿಂತ ಮೊದಲಿನದು ಇದು. ಖಲಾಸ್.”

ಆಪರೇಷನ್ ಮೂರು ಗಂಟೆ ನಡೆಯಿತು. ಹೊರತೆಗೆದ ಉಕ್ಕು ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ. ಅದನ್ನು ನೋಡುತ್ತೀರಾ ಎಂದು ಕೇಳಿದಾಗ ಉಮ್ ಯೂಸುಫ್ ಬೇಡ ಎಂದರು. ಎಡಗಾಲಿಗೆ ಪೂರ್ತಿ ಬಲ ಬರಲಿಲ್ಲ. ಐದು ವಾರದ ನಂತರ ವಾಕರ್ ಹಿಡಿದು ಮನೆಗೆ ನಡೆದು ಹೋದರು.

ತಪ್ಪು ನನ್ನದೆಂದು ನಾನೇ ವರದಿ ಬರೆದುಕೊಟ್ಟೆ. ಲಿಖಿತ ಎಚ್ಚರಿಕೆ ಸಿಕ್ಕಿತು. ಅಂದಿನಿಂದ ನಮ್ಮ ವಿಭಾಗದಲ್ಲಿ ತೊಂಬತ್ತರ ಪ್ರಶ್ನೆಯನ್ನು ನಿಲ್ಲಿಸಿದೆವು. ಹುಟ್ಟಿದ ದಿನದಿಂದ ಇವತ್ತಿನವರೆಗೆ ಎಂದು ಕೇಳಬೇಕು, ರೋಗಿಯನ್ನೇ ಕೇಳಬೇಕು, ಮನೆಯವರನ್ನು ಆಚೆ ಕಳಿಸಿ ಕೇಳಬೇಕು. ಪ್ರಶ್ನೆಯೊಳಗೆ ನಾವೇ ಒಂದು ವರ್ಷ ಇಟ್ಟರೆ ಉಳಿದ ವರ್ಷಗಳು ಬಾಯಿ ಬಿಡುವುದಿಲ್ಲ. ಬರೆಯನ್ನೂ ಇರಿತವನ್ನೂ ಕಣ್ಣಿನಿಂದ ತೀರ್ಮಾನಿಸಬಾರದು, ಬೆರಳಿಟ್ಟು ನೋಡಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು.

ಉಮ್ ಯೂಸುಫ್ 2021ರಲ್ಲಿ ತೀರಿಕೊಂಡರು. ಅದರ ಮುಂದಿನ ವರ್ಷ, ನಾನು ಕೆಲಸ ಬಿಡುವ ತಿಂಗಳಲ್ಲಿ, ಯೂಸುಫ್ ದಾಖಲೆ ವಿಭಾಗಕ್ಕೆ ಅರ್ಜಿ ಕೊಟ್ಟರು. ತಾಯಿಯ ಎಂಆರ್‌ಐ ಫಾರಂನ ಪ್ರತಿ ಬೇಕು ಎಂದಿತ್ತು. ಕೆಳಗೆ ಕೈಯಿಂದ ಒಂದು ಸಾಲು ಸೇರಿಸಿದ್ದರು: ಎರಡೂ ಬದಿ.