ಒಡಿಶಾದಿಂದ ಬಂದವನು

ನಂಜನಗೂಡಿನ ಫ್ಯಾಕ್ಟರಿ ಗೇಟಲ್ಲಿ ಮೇಸ್ತ್ರಿ ನನ್ನ ಮುಂದೆ ನಿಂತಿದ್ದವನಿಗೆ, "ಲೋಕಲ್ ಉಡುಗ್ರು ಬ್ಯಾಡ. ಅಬ್ಬಕ್ಕೆ ಊರಿಗೋದ್ರೆ ವಾಪಸ್ ಬರಲ್ಲ" ಅಂದ. ಎಸ್ಸೆಸ್ಸೆಲ್ಸಿ ಫೇಲಾದ ನನಗೆ ಈ ಲೋಡಿಂಗ್ ಕೆಲಸ ಬಿಟ್ಟರೆ ಬೇರೆ ಗತಿಯಿರಲಿಲ್ಲ. ನನ್ನ ಸರದಿ ಬಂದಾಗ, ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ, ಒಡಿಶಾದವನು ಅಂದುಬಿಟ್ಟೆ.

ಮೇಸ್ತ್ರಿ, ವರ್ಷಗಟ್ಟಲೆ ಇಲ್ಲೇ ಇದ್ದು ಕನ್ನಡ ಕಲಿತಿದ್ದ ನಿಜವಾದ ಒಡಿಶಾದ ಕೆಲಸಗಾರನೊಬ್ಬನನ್ನು ಕರೆದು, "ನಿಮ್ ಕಡೆಯೋನಾ, ವಿಚಾರ್ಸು" ಅಂದ. ಅವನು ತನ್ನ ಭಾಷೆಯಲ್ಲಿ ಕೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿದೆ. ಅವನು ಹತ್ತಿರ ಬಂದು ಮೆಲ್ಲಗೆ, "ಯಾವೂರ್ಲಾ ನಿಂದು?" ಅಂದ.

"ಬಿಳಿಗೆರೆ ಕಣಣ್ಣಾ. ಕೈ ಬಿಡಬ್ಯಾಡ."

ಅವನು ಮೇಸ್ತ್ರಿ ಕಡೆ ತಿರುಗಿ, "ನಮ್ಮೋನೇ ಸಾ" ಅಂದ.

ಕೆಲಸ ಸಿಕ್ಕಿತು. ಈಗ ಯುಗಾದಿ ಬಂದಿದೆ. "ಪಾಪ, ನಿಮ್ಮೂರು ಬೋ ದೂರ, ಇಲ್ಲೇ ಡ್ಯೂಟಿ ಮಾಡ್ಕೊ" ಅಂತಾನೆ ಮೇಸ್ತ್ರಿ. ಗೇಟಿನ ಮುಂದೆ ಬಿಳಿಗೆರೆ ಬಸ್ಸು ಬಂದಾಗಲೆಲ್ಲ, ನಮ್ಮವ್ವ ಕಿಟಕಿಯಿಂದ ಹೆಸರು ಹಿಡಿದು ಕೂಗಿಬಿಟ್ಟರೆ ಅಂತ ನಾನು ಲಾರಿ ಹಿಂದೆ ಅವಿತುಕೊಳ್ತೀನಿ.