ಏಕಾದಶಿಯಂದು ಹೊಳೆದ ಮೀಸೆ

ಗೆಳೆಯರೇ, ಇವತ್ತು ಸಂಜೆ ನಮ್ಮ ಬಚ್ಚಲುಮನೆಯೇ ಪ್ರಯೋಗಶಾಲೆ. ಮಗಳು ಅರಿಶಿಣವನ್ನು ಸ್ಯಾನಿಟೈಜರಿನಲ್ಲಿ ಕಲಸಿ, ದೀಪ ಆರಿಸಿ, ಯುವಿ ಟಾರ್ಚ್ ಬಿಟ್ಟಳು. ಲೋಟದ ತುಂಬ ಹಸಿರು-ಹಳದಿ ಬೆಳಕು! ಆಗಷ್ಟೇ ಕಾತ್ರಜ ಚೌಕದವರೆಗೆ ವಾಕಿಂಗ್ ಮುಗಿಸಿ ಬಂದ ನಮ್ಮ ಮಾವನವರು ಬಾಗಿಲಲ್ಲಿ ಇಣುಕಿದರು. ಟಾರ್ಚು ಅವರತ್ತ ತಿರುಗಿತು.

"ಅಜ್ಜಾ, ನಿನ್ನ ಮೀಸಿನೂ ಹೊಳಿಲಿಕ್ಕತ್ತದ!"

ಅತ್ತೆ ಓಡಿ ಬಂದರು. "ಇವತ್ತ ಏಕಾದಶಿ ಅಲ್ರೀ? ಉಪವಾಸ ಇದ್ದವರ ಮೀಸಿಗೆ ಅರಿಶಿಣ ಎಲ್ಲಿಂದ ಬಂತ್ರೀ?"

ಮಾವ ಒಂದಿಷ್ಟೂ ಅಳುಕಲಿಲ್ಲ. "ಅರಿಶಿಣ ಅಲ್ಲ ಅದು. ಉಪವಾಸದ ತೇಜಸ್ಸು!"

ಬೆಳಗಿನಿಂದ ಬರೀ ನೀರು ಕುಡಿದುಕೊಂಡಿದ್ದ ಅತ್ತೆಗೂ ನಗು ತಡೆಯಲಾಗಲಿಲ್ಲ. ದೀಪ ಹಾಕಿ ನೋಡಿದರೆ, ತೇಜಸ್ಸಿನ ತುದಿಯಲ್ಲಿ ಕಾತ್ರಜ ಚೌಕದ ಗಾಡಿಯ ಪೋಹೆಯ, ಅಂದರೆ ಅರಿಶಿಣ ಹಾಕಿದ ಒಗ್ಗರಣೆ ಅವಲಕ್ಕಿಯ, ಸಾಸಿವೆ ಕಾಳೊಂದು ಅಂಟಿಕೊಂಡಿತ್ತು.