ಇಡ್ಲಿ ಹಬೆಗೆ ಬೆಳ್ಳಗಾದ ಹಡಗು

ಅದು 1971ನೇ ಇಸವಿಯ ಆಗಸ್ಟ್ ತಿಂಗಳು. ಮದುವೆಯಾಗಿ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದು ನನಗೆ ಒಂದೂವರೆ ವರ್ಷವಾಗಿತ್ತು. ನಮ್ಮ ಯಜಮಾನರು ಅಲ್ಲಿನ ಪಿಸ್ಕಾಟವೇ ಎಂಬ ಊರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಕ್ಯಾಂಪಸ್ಸಿನ ಹತ್ತಿರ ಒಂದು ಹಳೇ ಮನೆಯ ಮಹಡಿಯಲ್ಲಿ ನಮ್ಮ ಸಂಸಾರ. ಕೆಳಗೆ ಮನೆಯ ಮಾಲೀಕ ವಾಲ್ಟರ್. ಎಪ್ಪತ್ತರ ಹತ್ತಿರದವರು, ಒಂಟಿ ಜೀವ. ಹೆಸರು ಹಿಡಿದೇ ಕರೆ ಎಂದು ಅವರು ಎಷ್ಟು ಹೇಳಿದರೂ ನನ್ನ ನಾಲಿಗೆ ಹೊರಳಲಿಲ್ಲ, ಅಂಕಲ್ ಎಂದುಬಿಟ್ಟೆ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ನನಗೋ ಸುಮ್ಮನೆ ಕೂತರೆ ಮೈಗೆ ಜ್ವರ ಬಂದ ಹಾಗಾಗುತ್ತದೆ. ಹೀಗಾಗಿ ದಿನಾ ಮೆಟ್ಟಿಲಿಳಿದು ಅಂಕಲ್ ಏನು ಮಾಡುತ್ತಿದ್ದಾರೆ ಎಂದು ನೋಡುವುದೇ ನನ್ನ ಉದ್ಯೋಗವಾಯಿತು.

ಅವರು ಹಡಗು ಮಾಡುತ್ತಿದ್ದರು. ಎರಡಡಿ ಉದ್ದದ ಮರದ ಹಡಗು. ಹಡ್ಸನ್ ನದಿಯ ಈಚೆ ದಡದಿಂದ ಮ್ಯಾನ್‌ಹ್ಯಾಟನ್‌ಗೆ ಜನರನ್ನೂ ಕಾರುಗಳನ್ನೂ ದಾಟಿಸುತ್ತಿದ್ದ ಫೆರಿಯ ಎಂಜಿನ್ ರೂಮಿನಲ್ಲಿ ಅವರು ಮೂವತ್ತು ವರ್ಷ ದುಡಿದಿದ್ದರಂತೆ. ನಾಲ್ಕು ವರ್ಷದ ಹಿಂದೆ ಫೆರಿ ನಿಂತುಹೋಗಿ, ಅವರ ಹಡಗನ್ನು ಒಡೆದು ಗುಜರಿಗೆ ಹಾಕಿದ್ದರು. ನಕ್ಷೆ ಇಲ್ಲ, ನಾಲ್ಕಾರು ಫೋಟೋ ಬಿಟ್ಟರೆ ಮಿಕ್ಕಿದ್ದೆಲ್ಲ ನೆನಪು. ಅಂದಿನಿಂದ ಅಷ್ಟರಲ್ಲೇ ಕೂತು ಸಾಲು ಬೆಂಚು, ಹೊಗೆ ಕೊಳವೆ, ಸಾಸಿವೆ ಕಾಳಿನಷ್ಟು ಬಾಗಿಲ ಹಿಡಿ ಎಲ್ಲವನ್ನೂ ಕೆತ್ತಿ ಹಡಗಿನ ಮೈಗೆ ಕಡುಗೆಂಪು, ಬೆಂಚುಗಳಿಗೆ ಕಂದು ಬಣ್ಣ ಬಳಿದಿದ್ದರು. ನೋಡಿದರೆ ನಾನೇ ಟಿಕೆಟ್ ತೆಗೆದುಕೊಂಡು ಹತ್ತಿಬಿಡಬೇಕು ಅನಿಸುತ್ತಿತ್ತು.

ಆದರೆ ಅವರ ಕಣ್ಣು ಸೋಲುತ್ತಿತ್ತು. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣೂ ಹೋಗುತ್ತದೆ, ಯಾವತ್ತು ಎಂದು ಹೇಳುವುದಕ್ಕಾಗುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. "ಮುಗಿದ ಹಡಗನ್ನ ಒಂದು ಸಲ ನೋಡಿಬಿಟ್ರೆ ಸಾಕಮ್ಮ" ಎನ್ನುತ್ತಿದ್ದರು. ಅವರು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅವರು ಕನ್ನಡವನ್ನೇ ಮಾತಾಡುತ್ತಾರೆ.

ಕೊನೆಗೆ ಉಳಿದದ್ದು ವಾರ್ನಿಷ್. ಬಣ್ಣವೇ ಇಲ್ಲದ, ನೀರಿನಂಥ ಲ್ಯಾಕರ್. ಬಣ್ಣ ಬಳಿಯುವುದಾದರೆ ಎಲ್ಲಿ ಬಳಿದೆವು, ಎಲ್ಲಿ ಬಿಟ್ಟೆವು ಎಂದು ತಿಳಿಯುತ್ತದೆ. ಇದು ಕಾಣುವುದೇ ಇಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ಹಸಿ ಹೊಳಪನ್ನು ನೋಡುತ್ತ ಹೋಗಬೇಕು. ಅದು ಅವರ ಕಣ್ಣಿಗೆ ಆಗದ ಕೆಲಸ. ಮೈಸೂರಿನ ಕಾಲೇಜಿನಲ್ಲಿ ಬಾಟನಿ ರೆಕಾರ್ಡಿಗೆ ನಾನು ಬರೆದಿದ್ದ ಎಲೆ, ಬೇರುಗಳ ಚಿತ್ರಗಳನ್ನು ಅವರಿಗೆ ಒಮ್ಮೆ ತೋರಿಸಿದ್ದೆ. ಅದನ್ನು ನೆನೆದೋ ಏನೋ, "ಈ ಕೆಲಸ ನೀನು ಮಾಡ್ತೀಯಾ?" ಎಂದು ಕೇಳಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಒಂದು ವಾರ ಮರದ ಚೂರುಗಳ ಮೇಲೆ ಅಭ್ಯಾಸ ಮಾಡಿಸಿದರು. "ತೆಳ್ಳಗೆ ಹಾಕು. ಎಳೆದ ಮೇಲೆ ಮತ್ತೆ ಹಿಂದಕ್ಕೆ ಹೋಗಬೇಡ. ವಾರ್ನಿಷ್ ಕಾಣಬಾರದು, ಅದರ ಕೆಳಗಿರೋದು ಕಾಣಬೇಕು" ಎನ್ನುತ್ತಿದ್ದರು. ಮಳೆ ಬರುವ ದಿನ ಮಾತ್ರ ಡಬ್ಬಿಯನ್ನೇ ತೆರೆಯಬೇಡ ಎಂದೂ ಹೇಳಿದ್ದರು.

ಭಾನುವಾರ ಮಳೆಯ ಸುಳಿವಿರಲಿಲ್ಲ. ಅಂಕಲ್ ಚರ್ಚಿಗೆ ಹೋದರು. ನಾನು ಗ್ಯಾರೇಜಿನಲ್ಲಿ ಉಸಿರು ಬಿಗಿಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ವಾರ್ನಿಷ್ ಹಾಕಿ ಮುಗಿಸಿದೆ. ಅಷ್ಟರಲ್ಲಿ ಗಾಳಿ ಎದ್ದು ರಸ್ತೆಯ ಧೂಳು ಒಳಗೆ ಬರತೊಡಗಿತು. ನಾನು ಬಹಳ ಬುದ್ಧಿವಂತೆ ನೋಡಿ! ಹಲಗೆಯ ಸಮೇತ ಹಸಿ ಹಡಗನ್ನು ಎತ್ತಿಕೊಂಡು ನಮ್ಮ ಮಹಡಿಗೆ ತಂದು ಊಟದ ಮೇಜಿನ ಮೇಲಿಟ್ಟು, ಧೂಳು ಬರದ ಹಾಗೆ ಕಿಟಕಿಗಳನ್ನೆಲ್ಲ ಮುಚ್ಚಿದೆ.

ಅಡುಗೆಯೂ ಊಟವೂ ಅದೇ ಒಂದೇ ಕೋಣೆಯಲ್ಲಿ. ಅವತ್ತು ಮಧ್ಯಾಹ್ನ ಯಜಮಾನರ ನಾಲ್ಕು ಜನ ಸ್ನೇಹಿತರನ್ನು ಊಟಕ್ಕೆ ಕರೆದಿದ್ದೆವು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಇಡ್ಲಿ ಬೇಯುತ್ತಿತ್ತು. ಒಂದು ಒಬ್ಬೆ ತೆಗೆದೆ, ಎರಡನೆಯದು ಇಟ್ಟೆ. ಹಬೆ ಕೋಣೆ ತುಂಬ ಕವಿದುಕೊಂಡಿತು. ಮಳೆ ದಿನ ಬೇಡ ಎಂದಿದ್ದರು ಸರಿ, ನಮ್ಮ ಅಡುಗೆಮನೆಯಲ್ಲೂ ಮಳೆಗಾಲ ಬರುತ್ತದೆ ಎಂದು ನನಗೇನು ಗೊತ್ತು?

ತಿರುಗಿ ನೋಡುತ್ತೇನೆ, ಹಡಗು ಬೆಳ್ಳಗಾಗಿದೆ! ಕೆಂಪು ಇಲ್ಲ, ಬೆಂಚುಗಳ ಕಂದು ಇಲ್ಲ. ತುದಿಯಿಂದ ತುದಿಗೆ ಮಜ್ಜಿಗೆ ಚೆಲ್ಲಿದ ಹಾಗೆ.

"ಏನ್ರೀ, ಬನ್ನಿ ಇಲ್ಲಿ! ಹಾಳಾಗೋಯ್ತು!"

ಯಜಮಾನರು ಓಡಿ ಬಂದು, "ಅಯ್ಯೋ ರಾಮ, ಏನ್ ಮಾಡಿದ್ಯೇ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಅಂಕಲ್ ಹೆಜ್ಜೆ ಕೇಳಿಸಿತು. ಗ್ಯಾರೇಜಿನಲ್ಲಿ ಹಡಗು ಇಲ್ಲದ್ದನ್ನು ನೋಡಿ ಮೇಲಕ್ಕೆ ಬರುತ್ತಿದ್ದರು.

"ಸುಮ್ನಿರು, ಏನೂ ಹೇಳ್ಬೇಡ" ಎಂದು ಯಜಮಾನರು ಪಿಸುಗುಟ್ಟಿದರು.

ಅಂಕಲ್ ನಗುನಗುತ್ತಲೇ ಒಳಗೆ ಬಂದರು. ಮೇಜಿನ ಮುಂದೆ ನಿಂತು ಬಗ್ಗಿದರು. ನಗು ನಿಂತಿತು. ಕೈಯನ್ನು ಒಮ್ಮೆ ಕಣ್ಣ ಮುಂದೆ ಆಡಿಸಿಕೊಂಡರು. ಸುತ್ತ ನೋಡಿದರು, ಕೋಣೆಯೆಲ್ಲ ಹಬೆ. ಮತ್ತೆ ಹಡಗಿನ ಕಡೆ ತಿರುಗಿ, ತುಂಬ ಮೆಲ್ಲಗೆ, "ಬ್ಯೂಟಿಫುಲ್. ಬಹಳ ಚೆನ್ನಾಗಿ ಮಾಡಿದ್ದೀಯಮ್ಮ" ಎಂದರು.

ಸದ್ಯ, ಅಂಕಲಿಗೆ ಗೊತ್ತಾಗಲಿಲ್ಲ ಎಂದು ನನಗೆ ಸಮಾಧಾನವಾಯಿತು. ಹೌದು, ನಾಚಿಕೆ ಬಿಟ್ಟು ಹೇಳುತ್ತೇನೆ, ಸಮಾಧಾನವೇ ಆಯಿತು. ಆಮೇಲೆ ಅವರ ಕೈ ನೋಡಿದೆ. ಪಕ್ಕದಲ್ಲೇ ಇದ್ದ ಕುರ್ಚಿಯನ್ನು ಕುರುಡರ ಹಾಗೆ ತಡವುತ್ತಿತ್ತು. ಆಗ ಅರ್ಥವಾಯಿತು ನನಗೆ. ಅವರು ತಮ್ಮ ಬಲಗಣ್ಣೂ ಹೋಯಿತು ಎಂದುಕೊಂಡಿದ್ದರು.

"ಅಂಕಲ್, ನಿಮ್ಮ ಕಣ್ಣಲ್ಲ!" ಎಂದು ಕಿರುಚಿಯೇಬಿಟ್ಟೆ. "ಹಡಗೇ ಬೆಳ್ಳಗಾಗಿದೆ. ನಾನೇ ಹಾಳು ಮಾಡಿದೆ. ಇಲ್ಲಿ ತುಂಬಿರೋದು ಇಡ್ಲಿ ಹಬೆ!"

"ನಿನಗೂ ಬೆಳ್ಳಗೆ ಕಾಣ್ತಿದೆಯಾ?"

"ನನಗೂ, ಇವರಿಗೂ."

ಅವರು ಕುರ್ಚಿಯಲ್ಲಿ ಕುಸಿದು ಕೂತರು. ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವೋ ಅಳುವೋ ತಿಳಿಯದ ಹಾಗಾಯಿತು. ನಾಲ್ಕು ವರ್ಷದ ಕೆಲಸ ಹಾಳಾದದ್ದಕ್ಕೆ ಹೀಗೆ ಖುಷಿಪಟ್ಟ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಬರೀ ವಾರ್ನಿಷ್ ತಾನೇ! ಒಲೆ ಆರಿಸಿ ಕೆಳಗೆ ಬಾ" ಎಂದು ಎದ್ದರು.

ಹಬೆಯ ತೇವ ಲ್ಯಾಕರ್ ಒಳಗೆ ಸಿಕ್ಕಿಕೊಂಡಿದೆ, ಬಣ್ಣಕ್ಕೆ ಏನೂ ಆಗಿಲ್ಲ, ಲ್ಯಾಕರನ್ನು ಒಂದು ಗಳಿಗೆ ಮತ್ತೆ ಹಸಿ ಮಾಡಿದರೆ ತೇವ ತಾನಾಗಿ ಹೋಗುತ್ತದೆ ಎಂದು ವಿವರಿಸಿದರು. ಹಡಗನ್ನು ಗ್ಯಾರೇಜಿನ ಬಾಗಿಲಲ್ಲಿ ಬಿಸಿಲಿಗಿಟ್ಟೆವು. ಗಾಳಿ ಅಷ್ಟು ಹೊತ್ತಿಗೆ ನಿಂತಿತ್ತು. ಲ್ಯಾಕರನ್ನು ಕರಗಿಸುವ, ನಿಧಾನವಾಗಿ ಆರುವ ಒಂದು ಬಗೆಯ ಥಿನ್ನರನ್ನು ಸಿಂಪಡಿಸುವ ಪುಟ್ಟ ಕೈಪಂಪಿಗೆ ತುಂಬಿ ನನ್ನ ಕೈಗೇ ಕೊಟ್ಟರು. ನಾನು ಒಲ್ಲೆ ಎಂದೆ. "ಹೆಚ್ಚಾದರೆ ಬಣ್ಣವೇ ಕರಗುತ್ತೆ. ನನಗೆ ಕಾಣಲ್ಲ, ನಿನಗೆ ಕಾಣುತ್ತೆ. ಹಿಡಿ" ಎಂದರು.

ನಾನು ದೂರದಿಂದ ಒಮ್ಮೆ ತೆಳ್ಳಗೆ ಹೊಡೆದೆ. ಏನೂ ಆಗಲಿಲ್ಲ. ಮತ್ತೊಮ್ಮೆ ಹೊಡೆದೆ.

ಆಗ ನೋಡಿ, ಮುಂತುದಿಯಲ್ಲಿ ಬಿಳುಪು ಕದಲಿತು. ಯಾರೂ ಒರೆಸದೆ, ಯಾರೂ ಮುಟ್ಟದೆ ಅದು ತಾನಾಗಿಯೇ ಹಿಂದೆ ಸರಿಯಿತು, ಅದರ ಕೆಳಗಿಂದ ಕೆಂಪು ಎದ್ದು ಬಂತು. ಆಮೇಲೆ ಒಂದು ಬೆಂಚು, ಅದರ ಪಕ್ಕದ್ದು, ಕಂಬ, ಬಾಗಿಲು. ಮೊದಲಿಗಿಂತ ಗಾಢವಾಗಿ, ಈಗಷ್ಟೇ ನದಿಯಿಂದ ಮೇಲೆದ್ದ ಹಾಗೆ. ಊಟಕ್ಕೆ ಬಂದ ಹುಡುಗರು ಹಸಿವು ಮರೆತು ಬಾಗಿಲಲ್ಲೇ ನಿಂತಿದ್ದರು.

ಅಂಕಲ್ ಮೂಗು ತಗಲುವಷ್ಟು ಹತ್ತಿರ ಬಗ್ಗಿ, ಈ ತುದಿಯಿಂದ ಆ ತುದಿಗೆ ಒಂದಿಷ್ಟನ್ನೂ ಬಿಡದೆ ನೋಡಿದರು. ಕೊನೆಗೆ, "ಹ್ಞಾಂ, ಇದೇ" ಎಂದರು, ಅಷ್ಟೇ.

ಅವರ ಬಲಗಣ್ಣು ಮರುವರ್ಷ ಬೇಸಿಗೆಗೆ ಮುಂಚೆಯೇ ಹೋಯಿತು. ಒಂದು ದಿನ ತಡೆಯಲಾರದೆ ಕೇಳಿದೆ, "ಅಂಕಲ್, ಅವತ್ತು ಏನೂ ಕಾಣದೇ ಇದ್ರೂ ಬ್ಯೂಟಿಫುಲ್ ಅಂದ್ರಲ್ಲ, ಯಾಕೆ?"

"ನೀನು ಅಷ್ಟು ಕಷ್ಟಪಟ್ಟಿದ್ದೆ" ಎಂದರು ಅವರು. "ನನ್ನ ಕಣ್ಣು ಹೋಯ್ತು ಅಂತ ನಿನ್ನ ಕೆಲಸ ಯಾಕೆ ಹಾಳಾಗಬೇಕು?"

ಲೋಕವೇ ಕತ್ತಲಾಯಿತು ಎಂದುಕೊಂಡ ಗಳಿಗೆಯಲ್ಲಿ ಅವರು ಯೋಚಿಸಿದ್ದು ನನ್ನ ಬಗ್ಗೆ. ಅದೇ ಗಳಿಗೆಯಲ್ಲಿ ನಾನು ಯೋಚಿಸಿದ್ದೂ ನನ್ನ ಬಗ್ಗೆಯೇ.